ಕೆಳಗಿನ ಗೆರೆ

ಆಪಾನ ಬಲಗೈ ಹೆಬ್ಬೆರಳಿನ ತುದಿ ಜಡ್ಡುಗಟ್ಟಿತ್ತು. ಹುಣಸೆ ಬೀಜದಷ್ಟು ಅಗಲದ, ಗಟ್ಟಿಯಾದ, ನುಣುಪಾದ ಜಡ್ಡು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸ್ಟಾಪ್‌ವಾಚಿನ ಗುಂಡಿ ಒತ್ತಿ ಒತ್ತಿ ಆದದ್ದು. ರಂಜಾನ್ ಹಬ್ಬಕ್ಕೆ ಹಚ್ಚಿಕೊಂಡ ಮೆಹಂದಿ ಉಳಿದ ಬೆರಳುಗಳಿಂದ ಮಾಯವಾದ ಮೇಲೂ ಆ ಜಡ್ಡಿನ ಮೇಲೆ ಮಾತ್ರ ವಾರಗಟ್ಟಲೆ ಕೆಂಪಾಗಿ ಉಳಿಯುತ್ತಿತ್ತು. ಅವರನ್ನು ನೆನೆದಾಗೆಲ್ಲ ನನಗೆ ಮೊದಲು ಕಾಣುವುದು ಮುಖವಲ್ಲ, ಆ ಕೆಂಪು ಚುಕ್ಕೆ.

ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಯಾಕ್ಟರಿಯ ಲ್ಯಾಬಿನಲ್ಲಿ ಅವರು ಹಿರಿಯ ಕೆಮಿಸ್ಟ್. ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿ ದುಬಲಗುಂಡಿಯಿಂದ ಬರುತ್ತಿದ್ದ ಟ್ರೇನಿ ಹುಡುಗಿ. ಉರ್ದು ಮಾತಾಡುವ ಮನೆಗಳಲ್ಲಿ ಅಕ್ಕನನ್ನು ಆಪಾ ಎನ್ನುತ್ತಾರೆ. ನಮ್ಮಲ್ಲಿ ಮ್ಯಾನೇಜರಿನಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವರು ಆಪಾನೇ. ಮೊದಲ ದಿನ ನಾನು ಮೇಡಂ ಎಂದು ಕರೆದೆ, ತಿರುಗಿ ನೋಡಲಿಲ್ಲ. ಎರಡನೇ ಸಲ ಕರೆದಾಗ, ಇಲ್ಲಿ ಮೇಡಂ ಅನ್ನುವವರು ಯಾರೂ ಕೆಲಸಕ್ಕಿಲ್ಲ ಎಂದು ಹೇಳಿ ಬಾಟಲಿ ತೊಳೆಯುವುದನ್ನು ಮುಂದುವರಿಸಿದರು. ಆಗ ನಾನು ಅಂಜುತ್ತಂಜುತ್ತ ಆಪಾ ಎಂದೆ. "ಹಾಂ, ಈಗ ಬಾ" ಎಂದರು.

ನಮ್ಮ ಫ್ಯಾಕ್ಟರಿಯಲ್ಲಿ ಒಂದು ಬಿಳಿ ಪುಡಿ ತಯಾರಾಗುತ್ತಿತ್ತು. ನೀರಿಗೆ ಹಾಕಿದರೆ ನೀರು ಲೋಳೆಯಾಗುತ್ತದೆ. ಕಣ್ಣಿಗೆ ಬಿಡುವ ಹನಿಗಳಿಗೆ ಅದನ್ನು ಬೆರೆಸುತ್ತಾರೆ. ಹನಿ ಕೂಡಲೇ ಹರಿದುಹೋಗದೆ ಕಣ್ಣಿನಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ ಎಂದು. ಪುಡಿಯ ಒಂದೊಂದು ಅಣುವೂ ಬಹಳ ಉದ್ದದ ಸರಪಳಿ. ಸರಪಳಿ ಎಷ್ಟು ಉದ್ದವಿದೆ ಎಂಬುದರ ಮೇಲೆ ಲೋಳೆಯ ಗುಣ ನಿಂತಿರುತ್ತದೆ. ಆ ಉದ್ದವನ್ನು ಕಣ್ಣಿನಿಂದ ನೋಡಲಾಗುವುದಿಲ್ಲ, ಅಂದಾಜು ಮಾಡಬೇಕು. ಆಪಾನ ಕೆಲಸ ಆ ಅಂದಾಜು.

ಉಪಕರಣ ಅಂದರೆ ಒಂದು ಗಾಜಿನ ನಳಿಗೆ, ಅದರೊಳಗೆ ಕೂದಲಿನಷ್ಟು ಸಣ್ಣ ದಾರಿ. ನಳಿಗೆಯ ಮೇಲೆ ಒಂದು ಗೆರೆ, ಕೆಳಗೆ ಒಂದು ಗೆರೆ. ದ್ರವವನ್ನು ಮೇಲಕ್ಕೆ ಎಳೆದು ಬಿಡಬೇಕು. ಮೇಲಿನ ಗೆರೆ ದಾಟುವಾಗ ಸ್ಟಾಪ್‌ವಾಚು ಒತ್ತಬೇಕು, ಕೆಳಗಿನ ಗೆರೆ ದಾಟುವಾಗ ಮತ್ತೆ ಒತ್ತಬೇಕು. ಮೊದಲು ಪುಡಿ ಇಲ್ಲದ ಉಪ್ಪುನೀರು, ಆಮೇಲೆ ಪುಡಿ ಕರಗಿಸಿದ ನೀರು, ಅದನ್ನು ತೆಳುವಾಗಿಸಿ ಮತ್ತೊಮ್ಮೆ, ಇನ್ನೂ ತೆಳುವಾಗಿಸಿ ಮಗದೊಮ್ಮೆ. ಪ್ರತಿಯೊಂದೂ ಮೂರು ಸಲ. ಕೊನೆಗೆ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆದು, ಆ ಗೆರೆಯನ್ನು ಪುಡಿಯೇ ಇಲ್ಲದ ಜಾಗದವರೆಗೆ ಚಾಚಬೇಕು. ಅಲ್ಲಿ ಸಿಗುವ ಸಂಖ್ಯೆಯೇ ಆ ಪುಡಿಯ ನಿಜವಾದ ಗುಣ.

ಪುಡಿಯೇ ಇಲ್ಲದ ಕಡೆ ಪುಡಿಯ ಗುಣ ಸಿಗುವುದು ಹೇಗೆಂದು ನನಗೆ ತಿಳಿಯಲೇ ಇಲ್ಲ. ಕಾಲೇಜಿನಲ್ಲಿ ಸೂತ್ರ ಬಾಯಿಪಾಠ ಮಾಡಿದ್ದೆ, ಅಷ್ಟೇ. ಆಪಾ ಸೂತ್ರದ ಗೊಡವೆಗೇ ಹೋಗಲಿಲ್ಲ.

"ಕಲ್ಯಾಣದ ಬಸ್ಸಿನಾಗ ಸಂಜಿಗೆ ಹತ್ತಿದ್ದಿ ಏನ? ಒಬ್ಬರ ಮ್ಯಾಲ ಒಬ್ಬರು. ಯಾರು ಎಷ್ಟು ಜಾಗಾ ಹಿಡಿದಾರ ಗೊತ್ತಾಗಂಗಿಲ್ಲ, ಎಲ್ಲಾರೂ ಎಲ್ಲಾರಿಗೂ ಒತ್ತಾಕತ್ತಿರತಾರ. ಸ್ಟಾಪಿಗೊಮ್ಮೆ ನಾಕು ಮಂದಿ ಇಳೀತಾರ. ಕಡೀಕ ಒಬ್ಬಾಕಿ ಉಳೀತಾಳ. ಆಕಿ ಒಬ್ಬಾಕೇ ಕುಂತಾಗ ಎಷ್ಟು ಜಾಗಾ ಹಿಡೀತಾಳ, ಅದು ಆಕೀದು ಖರೇ ಜಾಗಾ. ಆದ್ರ ಅಷ್ಟು ಖಾಲಿ ಬಸ್ಸಿನಾಗ ಒಬ್ಬಾಕಿ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ, ನಮ್ಮ ಗಡಿಯಾರಕ್ಕ ಗೊತ್ತಾಗಂಗಿಲ್ಲ. ಅದಕ್ಕ ಮಂದಿ ಇದ್ದಾಗ ನೋಡಿ, ಇಳಿಯೂದು ನೋಡಿ, ಕಡೀದು ಅಂದಾಜು ಮಾಡಬೇಕು."

ಇಷ್ಟು ವರ್ಷಗಳಲ್ಲಿ ಇದಕ್ಕಿಂತ ಚೆನ್ನಾಗಿ ಇದನ್ನು ಯಾರಾದರೂ ಹೇಳಿದ್ದು ನಾನು ಕೇಳಿಲ್ಲ.

ಇನ್ನೊಂದನ್ನೂ ಹೇಳಿದ್ದರು. ಅದೇ ಚುಕ್ಕೆಗಳನ್ನು ಎರಡು ಬಗೆಯ ಲೆಕ್ಕದಲ್ಲಿ ಇಟ್ಟರೆ ಎರಡು ಗೆರೆಗಳು ಬರುತ್ತವೆ. ಎಡಕ್ಕೆ ಹೋಗುತ್ತ ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಕೆಲಸ ಸರಿಯಾಗಿದ್ದರೆ ಎರಡೂ ಹಾಳೆಯ ಎಡಗಡೆಯ ಅಂಚಿನಲ್ಲಿ ಒಂದೇ ಚುಕ್ಕೆಗೆ ಬಂದು ಕೂಡುತ್ತವೆ. ಕೂಡದಿದ್ದರೆ ಎಲ್ಲೋ ಸುಳ್ಳು ಸೇರಿದೆ ಎಂದು ಅರ್ಥ. ಅಂಥ ಹಾಳೆಯನ್ನು ಆಪಾ ತಿದ್ದುತ್ತಿರಲಿಲ್ಲ. ಎರಡಾಗಿ ಮಡಚಿ ಬದಿಗಿಟ್ಟು, ನಳಿಗೆ ತೊಳೆದು, ಉಪ್ಪುನೀರಿನಿಂದ ಮತ್ತೆ ಶುರು ಮಾಡುತ್ತಿದ್ದರು. ಇಡೀ ದಿನದ ಕೆಲಸ ಹೋಯಿತಲ್ಲ ಎಂದು ನಾನು ಗೊಣಗಿದರೆ, ದಿನ ಇನ್ನೂ ಇವೆ ಎನ್ನುತ್ತಿದ್ದರು.

ದ್ರವ ಇಳಿಯುವಾಗ ಫ್ಯಾನು ಬಂದ್, ಮಾತು ಬಂದ್. ಮೇ ತಿಂಗಳ ಹುಮನಾಬಾದಿನಲ್ಲಿ ಫ್ಯಾನಿಲ್ಲದೆ ಕೂರುವುದೆಂದರೆ ಏನೆಂದು ಕೂತವರಿಗೇ ಗೊತ್ತು. ನಳಿಗೆ ನಿಲ್ಲಿಸಿದ ನೀರಿನ ತೊಟ್ಟಿಗೆ ಐಸ್‌ಕ್ಯಾಂಡಿ ಅಂಗಡಿಯಿಂದ ಬರ್ಫು ತಂದು ಹಾಕಿ ಇಪ್ಪತ್ತೈದು ಡಿಗ್ರಿಯಲ್ಲಿ ಇಡುತ್ತಿದ್ದೆವು. ನಮಗೆ ಮಾತ್ರ ಬೆವರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಸರಿಯಾಗಿ ದ್ರವ ಇಳಿಯುತ್ತಿದ್ದರೆ ನಾನು ನೆನಪಿಸುತ್ತಿದ್ದೆ. "ನಮಾಜಿಗೆ ಇನ್ನಾ ಹೊತ್ತದ. ಇದಕ್ಕ ಇಲ್ಲ" ಎಂದು ನಳಿಗೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು.

ಅವರ ಮೇಜಿನ ಮೇಲೆ ಸೈಕಲ್ ಹಾರ್ನಿನ ಕರಿ ರಬ್ಬರ್ ಚೆಂಡೊಂದು ಇರುತ್ತಿತ್ತು. ಅದರ ಕಥೆ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ದ್ರವವನ್ನು ನಳಿಗೆಯ ಮೇಲಕ್ಕೆ ಬಾಯಿಂದಲೇ ಹೀರಿ ಎಳೆಯುತ್ತಿದ್ದರಂತೆ. ಮೊದಲ ರಂಜಾನ್ ತಿಂಗಳು ಬಂತು. ಉಪವಾಸದ ರೋಜಾ ಇದ್ದವರು ಹೀರುವಾಗ ಒಂದು ಹನಿ ಗಂಟಲಿಗಿಳಿದರೂ ರೋಜಾ ಮುರಿಯಿತು. ರಜೆ ಕೇಳುವುದು ಬೇಡವೆನಿಸಿ ಆಪಾ ಕಲ್ಯಾಣದ ಸೈಕಲ್ ಅಂಗಡಿಯಿಂದ ಹಾರ್ನಿನ ಚೆಂಡು ತಂದು ನಳಿಗೆಗೆ ಸಿಕ್ಕಿಸಿ ಎಳೆದರು. ಹಬ್ಬ ಮುಗಿದ ಮೇಲೂ ಎಲ್ಲರೂ ಅದನ್ನೇ ಬಳಸತೊಡಗಿದರು. ಮುಂದೆ ಫ್ಯಾಕ್ಟರಿಯವರು ಒಳ್ಳೆಯ ರಬ್ಬರ್ ಚೆಂಡುಗಳನ್ನು ತರಿಸಿದರೂ ಆಪಾ ತಮ್ಮ ಹಾರ್ನನ್ನು ಬಿಡಲಿಲ್ಲ. ಯಾರಾದರೂ ಒತ್ತಿ ಪೋಂ ಪೋಂ ಎಂದು ಬಾಯಿಂದ ಸದ್ದು ಮಾಡಿದರೆ ಅವರೂ ನಗುತ್ತಿದ್ದರು.

ಊಟಕ್ಕೆ ನಾನು ರೊಟ್ಟಿ, ಪುಂಡಿಪಲ್ಯ ಬಿಚ್ಚಿದರೆ ಅರ್ಧ ಅವರ ಡಬ್ಬಿಗೆ. ಅವರ ಖಟ್ಟಿ ದಾಲ್ ಅರ್ಧ ನನಗೆ. ಶುಕ್ರವಾರ ಬಗಾರಾ ಅನ್ನ ತರುತ್ತಿದ್ದರು. ನಾನು ಲಿಂಗಾಯತರ ಹುಡುಗಿಯೆಂದು ನನಗಾಗಿ ಬೇರೆ ಪಾತ್ರೆಯಲ್ಲಿ, ಬರೀ ತರಕಾರಿ ಹಾಕಿ ಮಾಡುತ್ತಿದ್ದರೆಂದು ಅವರ ಮಗಳಿಂದ ಬಹಳ ದಿನಗಳ ಮೇಲೆ ಗೊತ್ತಾಯಿತು. ಅವರು ಒಮ್ಮೆಯೂ ಹೇಳಿರಲಿಲ್ಲ.

ನಾನು ಸೇರಿ ಒಂದು ವರ್ಷವಾಗಿರಬಹುದು. ಒಂದು ದಿನ ಆಪಾ, ಇನ್ನು ಮೇಲೆ ಗೆರೆ ನೀನು ನೋಡು, ಗಡಿಯಾರ ನಾನು ಒತ್ತುತ್ತೇನೆ, ನಿನ್ನ ಕಣ್ಣು ಪಳಗಲಿ ಎಂದರು. ನಾನು ಹಿಗ್ಗಿದೆ. ದ್ರವ ಮೇಲಿನ ಗೆರೆ ದಾಟಿದಾಗ ನಾನು "ಹಾಂ" ಎನ್ನಬೇಕು, ಅವರು ಒತ್ತುತ್ತಾರೆ. ಕೆಳಗಿನ ಗೆರೆಗೆ ಮತ್ತೆ "ಹಾಂ". ನಾನು ನೋಡಿ ಹೇಳಿ, ಅವರು ಕೇಳಿ ಒತ್ತುವಷ್ಟರಲ್ಲಿ ತುಸು ತಡವಾಗುತ್ತದಲ್ಲ ಎಂದು ಕೇಳಿದ್ದಕ್ಕೆ, ಮೇಲೆ ಎಷ್ಟು ತಡವೋ ಕೆಳಗೂ ಅಷ್ಟೇ ತಡವಾದರೆ ಎರಡೂ ವಜಾ ಆಗಿ ಹೋಗುತ್ತವೆ, ಒಂದೇ ಸಮನಾಗಿ ಹೇಳುವುದನ್ನು ಕಲಿ ಎಂದರು. ಕಲಿತೆ. ಮೂರು ಸಲ ಅಳೆದರೆ ಮೂರೂ ಸಲ ಸೆಕೆಂಡಿನ ಹತ್ತನೇ ಒಂದು ಭಾಗವೂ ಆಚೀಚೆಯಾಗದಷ್ಟು ನಾವಿಬ್ಬರೂ ಹೊಂದಿಕೊಂಡೆವು.

ಇದು ಪಾಠವಲ್ಲ ಎಂದು ನನಗೆ ತಿಳಿದದ್ದು ಕೆಲವು ತಿಂಗಳ ಮೇಲೆ. ಅಂದು ನಾನು ಚೆಂಡಿನಿಂದ ದ್ರವ ಎಳೆಯುವುದನ್ನೇ ಮರೆತು ಥರ್ಮಾಮೀಟರ್ ನೋಡುತ್ತಿದ್ದೆ. ನಳಿಗೆಯ ಮೇಲ್ಭಾಗ ಖಾಲಿ. ಆಪಾ ಅದರ ಮುಂದೆ ಬಗ್ಗಿ, ಗಡಿಯಾರ ಹಿಡಿದು, "ಬರಾಕತ್ತದ ನೋಡು, ಗೆರಿ ಹತ್ತರ ಬಂತು" ಎಂದರು.

ಖಾಲಿ ಗಾಜನ್ನು ನೋಡಿ ಹಾಗೆ ಹೇಳಿದರು. ಏನು ಮಾಡಬೇಕೆಂದು ತೋಚದೆ ನಾನು "ಹಾಂ" ಎಂದುಬಿಟ್ಟೆ. ಅವರು ಒತ್ತಿದರು. ಒಂದು ಕ್ಷಣ ಬಿಟ್ಟು, ಗುಳ್ಳೆ ಬಂತು ಆಪಾ, ಮತ್ತೆ ಮಾಡೋಣ ಎಂದೆ. ಅವರು ಗಡಿಯಾರವನ್ನು ಸೊನ್ನೆಗೆ ತಂದು ಕಾದರು. ಆ ಮಧ್ಯಾಹ್ನ ಡಬ್ಬಿ ಬಿಚ್ಚಿದರೂ ಹೆಚ್ಚು ತಿನ್ನಲಿಲ್ಲ.

ಅದಾದ ವಾರದಲ್ಲಿ ಅವರೇ ಹೇಳಿದರು. ಸೊಲ್ಲಾಪುರದ ಕಣ್ಣಿನ ದವಾಖಾನೆಗೆ ಹೋಗಿದ್ದರಂತೆ. ಕಾಲಾ ಮೋತಿಯಾ, ಅಂದರೆ ಗ್ಲಾಕೋಮಾ, ಎಂದರಂತೆ ಡಾಕ್ಟರು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಯ್ದುಕೊಳ್ಳಬೇಕು. ದಾರಿ ಕಾಣುತ್ತದೆ, ಮುಖಗಳೂ ಕಾಣುತ್ತವೆ, ಗಾಜಿನೊಳಗಿನ ನೀರಿನ ಅಂಚು ಮಾತ್ರ ಕಾಣುವುದಿಲ್ಲ ಎಂದರು. ಇದನ್ನು ಯಾರಿಗೂ ಹೇಳಬೇಡ ಎಂದು ಅವರು ಕೇಳಲಿಲ್ಲ. ಹೇಳುವುದಿಲ್ಲ ಎಂದು ನಾನೂ ಮಾತು ಕೊಡಲಿಲ್ಲ. ಮರುದಿನ ಎಂದಿನಂತೆ ನಾನು "ಹಾಂ" ಎಂದೆ, ಅವರು ಒತ್ತಿದರು.

ಹೀಗೆ ಒಂದು ವರ್ಷ ನಡೆಯಿತು. ರಿಜಿಸ್ಟರಿನಲ್ಲಿ "ನೋಡಿದವರು" ಎಂಬ ಅಂಕಣವಿತ್ತು. ಯಾರು ಗೆರೆ ನೋಡಿದರೋ ಅವರೇ ಸಹಿ ಮಾಡಬೇಕೆಂಬುದು ನಿಯಮ. ಅಲ್ಲಿ ಆಪಾ ಸಹಿ ಮಾಡುತ್ತಿದ್ದರು. ಟ್ರೇನಿಗಳಿಗೆ ಸಹಿಯ ಅಧಿಕಾರವಿರಲಿಲ್ಲ. ನನಗೆ ಅದರ ಬಗ್ಗೆ ಬೇಸರವಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಮ್ಮೆ ಮ್ಯಾನೇಜರ್ ಎಲ್ಲರೆದುರು ಗ್ರಾಫ್ ಹಾಳೆ ಎತ್ತಿ ಹಿಡಿದು, ಕಣ್ಣು ಅಂದರೆ ಆಪಾನ ಕಣ್ಣು, ನೋಡಿ ಕಲಿಯಿರಿ ಎಂದರು. ಆಪಾ ತಲೆ ತಗ್ಗಿಸಿ ಮುಗುಳ್ನಕ್ಕರು. ನನ್ನ ಕಡೆ ತಿರುಗಲಿಲ್ಲ. ಆ ನಗು ನನಗೆ ಮುಳ್ಳಿನಂತೆ ಚುಚ್ಚಿತು. ಎಂಥ ಸಣ್ಣ ಮನಸ್ಸು ನನ್ನದು ಎಂದು ಈಗ ಅನಿಸುತ್ತದೆ. ಆದರೆ ಚುಚ್ಚಿದ್ದು ನಿಜ.

ಆಮೇಲೆ ನಮ್ಮ ಪುಡಿ ಕೊಳ್ಳುವ ಕಂಪನಿಯೊಂದರಿಂದ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಹೈದರಾಬಾದಿನಿಂದ ಇಬ್ಬರು. ಪ್ರತಿಯೊಂದು ಪರೀಕ್ಷೆಯನ್ನೂ ಸಹಿ ಮಾಡಿದವರೇ ತಮ್ಮೆದುರು ಮಾಡಿ ತೋರಿಸಬೇಕು, ಪಕ್ಕದಲ್ಲಿ ಯಾರೂ ಮಾತಾಡಬಾರದು ಎಂದು ಮೊದಲೇ ತಿಳಿಸಿದ್ದರು.

ಅವರು ಬರುವ ಹಿಂದಿನ ದಿನ ಚಹಾದ ಹೊತ್ತಿಗೆ ಆಪಾ ನನ್ನನ್ನು ಕ್ಯಾಂಟೀನಿನ ಹಿಂದಿನ ಬೇವಿನ ಕಟ್ಟೆಗೆ ಕರೆದರು. ಲೋಟವನ್ನು ಕಟ್ಟೆಯ ಮೇಲಿಟ್ಟರು.

"ನನ್ನ ರಿಟೈರ್‌ಮೆಂಟಿಗೆ ಇನ್ನಾ ಒಂದೂವರಿ ವರ್ಷ ಅದ, ಬೇಟಾ. ವಯಸ್ಸಾತು ಅಂತ ಮನಿಗೆ ಹೋಗತೀನಿ, ಖುಷಿಲೇ ಹೋಗತೀನಿ. ಕಣ್ಣಿಲ್ಲದಾಕಿ ಇಷ್ಟು ದಿನಾ ಕುಂತಿದ್ಲು ಅಂತ ಅನಿಸಿಕೊಂಡು ಹೋಗೂದು ಬ್ಯಾಡ. ನಾಳಿ ನನ್ನ ಬಾಜೂಕ ನಿಂದರು. ಬಾಯಿಲೇ ಹಾಂ ಅನಬ್ಯಾಡ. ಕಾಲಿಲೇ ಹೇಳು."

ಯಾರಾದರೂ ಹಾಳೆಯಲ್ಲಿ ಒಂದು ಚುಕ್ಕೆ ತಿದ್ದಿದರೂ ಅದನ್ನು ಮಡಚಿ ಬದಿಗಿಡುತ್ತಿದ್ದವರು ಹೀಗೆ ಕೇಳುತ್ತಿದ್ದರು. ನನಗೆ ನಾಚಿಕೆಯಾಯಿತು, ಕನಿಕರವೂ ಆಯಿತು. "ಹೂಂ ರೀ ಆಪಾ" ಎಂದೆ.

ಅಂದೇ ಮಧ್ಯಾಹ್ನ ಇಬ್ಬರೇ ಇದ್ದಾಗ ತಾಲೀಮು ನಡೆಸಿದೆವು. ಮೇಜಿನ ಮುಂಭಾಗಕ್ಕೆ ಹಲಗೆ ಹೊಡೆದಿದ್ದರಿಂದ ಎದುರು ನಿಂತವರಿಗೆ ಕಾಲು ಕಾಣುತ್ತಿರಲಿಲ್ಲ. ಇಬ್ಬರೂ ಚಪ್ಪಲಿ ಬಿಟ್ಟೆವು. ಅವರ ಬಲಗಾಲಿನ ಮೇಲೆ ನನ್ನ ಎಡಗಾಲನ್ನು ಹಗುರವಾಗಿ ಇಟ್ಟು, ಗೆರೆ ದಾಟಿದಾಗ ಒತ್ತಬೇಕು. ಹಿರಿಯರ ಕಾಲಿನ ಮೇಲೆ ಕಾಲಿಡುವುದೆಂದರೆ ನಮ್ಮಲ್ಲಿ ಆಗದ ಮಾತು. ಪ್ರತಿ ಸಲ ಒತ್ತಿದ ಮೇಲೆ ನಾನು ಅರಿವಿಲ್ಲದೆ ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ಆಪಾಗೆ ನಗು ತಡೆಯಲಾಗಲಿಲ್ಲ. ನಾಳೆ ಸಾಹೇಬರೆದುರು ಹಾಗೆ ಬಗ್ಗಿದರೆ ಏನೋ ಬಿದ್ದಿದೆ ಎಂದು ಅವರೂ ಬಗ್ಗಿ ಹುಡುಕುತ್ತಾರೆ ಎಂದರು. ಮೂರು ಸಲ ಅಳೆದೆವು, ಮೂರೂ ಒಂದೇ ಬಂದವು.

ಮರುದಿನ ತಪಾಸಣೆಗೆ ಬಂದವರಲ್ಲಿ ಹಿರಿಯರೊಬ್ಬರು, ಬರೆದುಕೊಳ್ಳುವವರೊಬ್ಬರು. ಹಿರಿಯರು ಸೌಮ್ಯ ಮನುಷ್ಯ. ಆಪಾ ಜೊತೆ ಉರ್ದುವಿನಲ್ಲೇ ಮಾತಾಡಿದರು, ಕಲ್ಯಾಣದಲ್ಲಿ ಯಾವ ಮೊಹಲ್ಲಾ ಎಂದೂ ಕೇಳಿದರು. ನಾನು ಬಾಟಲಿ ಕೊಡುವ ನೆಪದಲ್ಲಿ ಪಕ್ಕದಲ್ಲಿ ನಿಂತೆ. ಮ್ಯಾನೇಜರ್ ಬಾಗಿಲ ಬಳಿ ಇದ್ದರು. ಉಪ್ಪುನೀರಿನ ಅಳತೆ ಸರಿಯಾಗಿ ಹೋಯಿತು. ಮೊದಲ ದ್ರಾವಣವೂ ಸರಿ. ಅದನ್ನು ತೆಳುವಾಗಿಸಿ ಎರಡನೆಯದಕ್ಕೆ ಬಂದೆವು. ಮೇಲಿನ ಗೆರೆಗೆ ನಾನು ಒತ್ತಿದೆ, ಆಪಾನ ಹೆಬ್ಬೆರಳು ಒತ್ತಿತು.

ದ್ರವ ಇಳಿಯುತ್ತಿತ್ತು. ಹಿರಿಯರು ನನ್ನ ಕಡೆ ಬಂದು, ಈ ಪುಡಿ ಎಲ್ಲಿಗೆ ಹೋಗುತ್ತದೆ ಗೊತ್ತಾ ಎಂದು ಮೆಲ್ಲಗೆ ಕೇಳಿದರು. ಕಣ್ಣಿನ ಹನಿಗೆ ಎಂದೆ. ಹೇಳುತ್ತ ಆಪಾನ ಮುಖ ನೋಡಿದೆ. ಅವರು ನಳಿಗೆಯನ್ನೇ ದಿಟ್ಟಿಸುತ್ತಿದ್ದರು, ಆದರೆ ದ್ರವ ಇದ್ದ ಜಾಗವನ್ನಲ್ಲ. ಅದಕ್ಕಿಂತ ಒಂದು ಗೇಣು ಮೇಲೆ, ಬರೀ ಗಾಜನ್ನು. ದ್ರವ ಕೆಳಗಿನ ಗೆರೆಗೆ ಬಂತು.

ನಾನು ಒತ್ತಲಿಲ್ಲ.

ಕಾಲು ಅವರ ಕಾಲಿನ ಮೇಲೇ ಇತ್ತು. ಒತ್ತಲು ಎಷ್ಟು ಬೇಕು? ಒಂದು ಉಸಿರಿನಷ್ಟು ಭಾರ ಸಾಕಿತ್ತು. ದ್ರವ ಗೆರೆ ದಾಟಿತು, ನಳಿಗೆಯ ಅಡಿಯ ಗಾಜಿನ ಬುರುಡೆಗೆ ಇಳಿದು ಹೋಯಿತು, ಹಿಂದೆ ಗಾಳಿ ಬಂತು. ಗಡಿಯಾರ ಓಡುತ್ತಲೇ ಇತ್ತು. ನನ್ನ ಪಾದದ ಕೆಳಗೆ ಅವರ ಕಾಲಿನ ಹೆಬ್ಬೆರಳು ಒಮ್ಮೆ ಅಲುಗಿತು, ಏನಾಯಿತು ಎಂದು ಕೇಳುವ ಹಾಗೆ. ಆಗಲೂ ನಾನು ಒತ್ತಲಿಲ್ಲ. ಕೋಣೆಯಲ್ಲಿದ್ದವರೆಲ್ಲ ನಳಿಗೆ ನೋಡುತ್ತಿದ್ದರು, ಆಮೇಲೆ ಎಲ್ಲರೂ ಆಪಾನ ಮುಖ ನೋಡಿದರು.

ಆಪಾ ಗಡಿಯಾರ ನಿಲ್ಲಿಸಿ ಮೇಜಿನ ಮೇಲಿಟ್ಟರು. ಅಷ್ಟು ಹೊತ್ತು ಉರ್ದು ಮಾತಾಡಿದವರು ಮ್ಯಾನೇಜರ್ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ನನಗ ಗೆರಿ ಕಾಣವಲ್ದ್ರಿ, ಸಾಹೇಬ್ರ. ಒಂದು ವರ್ಷಾತು. ನೋಡಾಕಿ ಇಕಿ, ಒತ್ತಾಕಿ ನಾನು. ಅಳತಿ ಎಲ್ಲಾ ಖರೇ ಅವ, ಬೇಕಾದ್ರ ತೆಗೆದು ನೋಡ್ರಿ. ಸಹಿ ಒಂದ ಸುಳ್ಳು. ಸಹಿ ನಂದು."

ನನ್ನ ಕಾಲಿನ ಬಗ್ಗೆ ಒಂದು ಮಾತು ಹೇಳಲಿಲ್ಲ. ತಾಲೀಮಿನ ಬಗ್ಗೆ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಗೋಡೆ ಸವರುತ್ತ ಹೊರಗೆ ಹೋಗಿ ಬೇವಿನ ಕಟ್ಟೆಯ ಮೇಲೆ ಕೂತರು.

ಒಂದು ವರ್ಷದಲ್ಲಿ ತೆಗೆದಿಟ್ಟಿದ್ದ ಮಾದರಿಗಳನ್ನು ಹೈದರಾಬಾದಿಗೆ ಒಯ್ದು ಮತ್ತೆ ಅಳೆದರು. ಎಲ್ಲವೂ ನಮ್ಮ ಸಂಖ್ಯೆಗಳಿಗೆ ತಾಳೆಯಾದವು. ಅದರಿಂದ ಫ್ಯಾಕ್ಟರಿ ಉಳಿಯಿತು, ನಾನೂ ಉಳಿದೆ. ಆಪಾ ಮಾತ್ರ ಹದಿನೈದು ದಿನದೊಳಗೆ ಕೆಲಸ ಬಿಡಬೇಕಾಯಿತು. ಶಾಲು ಹೊದಿಸಿ ಕಳಿಸಿದರು. ಹೋಗುವಾಗ ಅವರು ಹಾರ್ನಿನ ಚೆಂಡನ್ನು ನನ್ನ ಕೈಗಿಟ್ಟು, ಇದು ಫ್ಯಾಕ್ಟರಿಯದಲ್ಲ, ನನ್ನದು, ಇಟ್ಟುಕೋ ಎಂದರು. ಅವರ ಮೇಜು ನನಗೆ ಬಂತು. ಮರುತಿಂಗಳು "ನೋಡಿದವರು" ಅಂಕಣದಲ್ಲಿ ನಾನು ನನ್ನ ಮೊದಲ ಸಹಿ ಮಾಡಿದೆ. ಅಕ್ಷರ ಕೆಟ್ಟವು.

ಹುಮನಾಬಾದಿನಿಂದ ಕಲ್ಯಾಣಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಆ ದಾರಿ ಹಿಡಿಯಲು ನನಗೆ ಎಂಟು ತಿಂಗಳು ಬೇಕಾಯಿತು. ಹಬ್ಬ ಬಂತು, ಹೋಗಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಾಳೆಹಣ್ಣು ಕೊಂಡು ಹಿಂತಿರುಗಿ ಬಂದೆ. ಕೊನೆಗೆ ಒಂದು ಭಾನುವಾರ ಹೋದೆ, ಎಲ್ಲವನ್ನೂ ಒಪ್ಪಿಕೊಂಡು ಬರಬೇಕೆಂದು ಗಟ್ಟಿ ಮಾಡಿಕೊಂಡು ಹೋದೆ.

ಕೋಟೆಯ ಕಡೆಯ ಗಲ್ಲಿಯಲ್ಲಿ ಮನೆ. ಮಗಳು ಬಾಗಿಲು ತೆರೆದಳು. ಆಪಾ ಅಂಗಳದ ನೆರಳಿನಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು, ಕಣ್ಣಿನಿಂದಲ್ಲ, ಬೆರಳಿನಿಂದ. ಹರಳು ಸಿಕ್ಕಿದರೆ ಹೆಬ್ಬೆರಳಿನ ಜಡ್ಡಿನಿಂದ ಒತ್ತಿ ನೋಡಿ ಬದಿಗಿಡುತ್ತಿದ್ದರು. ನಾನು ಮಾತಾಡುವ ಮೊದಲೇ, ಹೆಜ್ಜೆ ಕೇಳಿ, ಬಾ ಎಂದರು. ನಾನು ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅವರು ಈ ಸಲ ನಗಲಿಲ್ಲ. ನಳಿಗೆ ಒಡೆದಿಲ್ಲ ತಾನೆ, ಎರಡೂ ಗೆರೆಗಳು ಕೂಡುತ್ತವೆ ತಾನೆ ಎಂದು ಕೇಳಿದರು. ಕೂಡುತ್ತವೆ ಎಂದೆ. ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಹೋದದ್ದನ್ನು ಬಿಟ್ಟು, ಮೊರದಿಂದ ಸಿಡಿದ ಅಕ್ಕಿ ಕಾಳು ಹೆಕ್ಕತೊಡಗಿದೆ. ಮಾತು ಶುರು ಮಾಡಿದವರು ಅವರೇ.

"ನಿನ್ನ ಕಾಲು ನನ್ನ ಕಾಲ ಮ್ಯಾಲೇ ಇತ್ತು. ಜಾರಲಿಲ್ಲ, ನಡುಗಲಿಲ್ಲ. ಒತ್ತಲಿಲ್ಲ ಅಷ್ಟ. ನಾ ನಿನ್ನ ಮ್ಯಾಲ ಭಾಳ ಸಿಟ್ಟಾಗಿದ್ದೆ ಬೇಟಾ. ಇನ್ನಾ ಸ್ವಲ್ಪ ಅದ."

ಅವರು ಅಕ್ಕಿ ಆರಿಸುತ್ತಲೇ ಮುಂದುವರಿಸಿದರು. ನಾನು ಒತ್ತದೆ ಇದ್ದದ್ದು ತಪ್ಪಲ್ಲವಂತೆ. ಅಂಥದನ್ನು ಕೇಳಿದ್ದೇ ತಮ್ಮ ತಪ್ಪಂತೆ. ಖಾಲಿ ನಳಿಗೆಯಲ್ಲಿ ಅಂದು ಗುಳ್ಳೆ ಬಂದಿರಲಿಲ್ಲ ಎಂಬುದೂ ಅವರಿಗೆ ಗೊತ್ತಿತ್ತಂತೆ. ನಾನು ತಮ್ಮ ಮಾನ ಕಾಯ್ದೆನೆಂದು ಅಂದು ಬಸ್ಸಿನಲ್ಲಿ ಅತ್ತರಂತೆ. ಅದಕ್ಕೇ ಮುಂದೆಯೂ ಕಾಯುತ್ತಾಳೆ ಎಂದು ನಂಬಿದ್ದಂತೆ.

"ಹಿಂದಿನ ದಿನಾ ಬೇವಿನ ಕಟ್ಟಿ ಮ್ಯಾಲ, ಆಪಾ ನನ್ನಿಂದ ಆಗಂಗಿಲ್ಲ ಅಂತ ಅಂದಿದ್ರ ಆಗತಿತ್ತು. ನಾನ ಹೋಗಿ ಸಾಹೇಬರಿಗೆ ಹೇಳತಿದ್ದೆ. ನೀ ಹೂಂ ಅಂದಿ. ಹೂಂ ಅಂದು, ಕಾಲಿಟ್ಟು, ಒತ್ತಲಿಲ್ಲ. ಅದಷ್ಟ ನನಗ ತಿಳೀವಲ್ದು."

ನನಗೂ ತಿಳಿದಿರಲಿಲ್ಲ. ಈಗಲೂ ತಿಳಿದಿಲ್ಲ. ಕಣ್ಣಿನ ಹನಿ ಎಂದು ಬಾಯಿಂದ ಬಂದಾಗ ಯಾರದೋ ಕಣ್ಣಿನ ನೆನಪಾಗಿ ಸುಳ್ಳಿಗೆ ಮನಸ್ಸು ಒಪ್ಪಲಿಲ್ಲ ಎಂದು ಒಂದು ಕಡೆಯಿಂದ ಲೆಕ್ಕ ಹಾಕುತ್ತೇನೆ. ಆ ಮೇಜು, ಆ ಸಹಿ, ಮ್ಯಾನೇಜರರ ಆ ಹೊಗಳಿಕೆ ನನಗೆ ಬೇಕಾಗಿತ್ತು ಎಂದು ಇನ್ನೊಂದು ಕಡೆಯಿಂದ ಲೆಕ್ಕ ಹಾಕುತ್ತೇನೆ. ಎರಡು ಗೆರೆಗಳನ್ನೂ ಆ ಕ್ಷಣದವರೆಗೆ ಚಾಚಿ ನೋಡಿದ್ದೇನೆ. ಒಂದೇ ಚುಕ್ಕೆಗೆ ಬಂದು ಕೂಡುವುದಿಲ್ಲ. ಆಪಾ ಆಗಿದ್ದರೆ ಈ ಹಾಳೆಯನ್ನು ಎರಡಾಗಿ ಮಡಚಿ ಬದಿಗಿಡುತ್ತಿದ್ದರು. ನನಗೆ ಮತ್ತೆ ಉಪ್ಪುನೀರಿನಿಂದ ಶುರು ಮಾಡಲು ಬರುವುದಿಲ್ಲ.

ಅಂದು ಹೊರಡುವಾಗ ಮಗಳು ಡಬ್ಬಿಯಲ್ಲಿ ಬಗಾರಾ ಅನ್ನ ಹಾಕಿಕೊಟ್ಟಳು. ಬೇರೆ ಪಾತ್ರೆಯದು, ಅಮ್ಮ ಯಾವಾಗಲೂ ನಿಮಗಾಗಿ ಹೀಗೇ ಮಾಡಿಸುತ್ತಿದ್ದರು ಎಂದಳು. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಿಚ್ಚುವ ಧೈರ್ಯವಾಗಲಿಲ್ಲ.

ಆಮೇಲೆ ಮೂರು ನಾಲ್ಕು ಸಲ ಹೋಗಿ ಬಂದೆ. ಆ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸಿಟ್ಟು ಪೂರ್ತಿ ಹೋಯಿತೋ ಇಲ್ಲವೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ಲ್ಯಾಬಿನಲ್ಲಿ ಅಳತೆಗೆ ಕೂತಿದ್ದಾಗ ಕೋಟಿನ ಜೇಬಿನಲ್ಲಿ ಫೋನು ಅದುರಿತು. ದ್ರವ ಇಳಿಯುತ್ತಿತ್ತು. ಇಳಿಯುವಾಗ ಏನಾದರೂ ಆಗಲಿ ಕಣ್ಣು ತೆಗೆಯಬಾರದೆಂದು ಕಲಿಸಿದವರು ಅವರು. ಮತ್ತೆ ಅದುರಿತು. ಮೂರೂ ಅಳತೆ ಮುಗಿಸಿ, ಬರೆದು, ಸಹಿ ಮಾಡಿ ಫೋನು ನೋಡಿದೆ. ಅವರ ಮಗಳ ಕರೆಗಳು. ನಾನು ರಜೆ ಹಾಕಿ ಬಸ್ಸು ಹಿಡಿದು ಕಲ್ಯಾಣ ಮುಟ್ಟುವಷ್ಟರಲ್ಲಿ ಗಂಡಸರು ಆಪಾ ಅವರನ್ನು ಹೊತ್ತು ಖಬರಸ್ತಾನಕ್ಕೆ ಹೊರಟು ಹೋಗಿದ್ದರು. ಮನೆಯಲ್ಲಿ ಹೆಂಗಸರು ಕೂತಿದ್ದರು. ಮಗಳು ನನ್ನ ಕೈ ಹಿಡಿದುಕೊಂಡು, ಕೊನೆಯ ಹಬ್ಬದ ಮೆಹಂದಿ ಅಮ್ಮನ ಹೆಬ್ಬೆರಳಿನಲ್ಲಿ ಇನ್ನೂ ಇತ್ತು ಎಂದಳು. ಅವರ ಪಾದ ಮುಟ್ಟಲು ನನಗೆ ಸಿಗಲಿಲ್ಲ.

ಈಗ ನಮ್ಮ ಲ್ಯಾಬಿಗೆ ಹೊಸ ಯಂತ್ರ ಬಂದಿದೆ. ದ್ರವ ಗೆರೆ ದಾಟಿದ್ದನ್ನು ಬೆಳಕಿನಿಂದ ತಾನೇ ಗುರುತಿಸಿ ತಾನೇ ಹೊತ್ತು ಬರೆದುಕೊಳ್ಳುತ್ತದೆ. ಯಾರ ಕಣ್ಣೂ ಬೇಕಿಲ್ಲ, ಯಾರ ಹೆಬ್ಬೆರಳೂ ಬೇಕಿಲ್ಲ. ಇದು ಆಗಲೇ ಇದ್ದಿದ್ದರೆ ಎಂದು ಯಂತ್ರ ಬಂದ ದಿನ ನಾನು ಶೌಚಾಲಯಕ್ಕೆ ಹೋಗಿ ಅತ್ತೆ. ಯಂತ್ರ ಸರಿಯಾಗಿದೆಯೇ ಎಂದು ತಿಂಗಳಿಗೊಮ್ಮೆ ಹಳೆಯ ನಳಿಗೆಯಲ್ಲಿ ಕೈಯಿಂದ ಅಳೆದು ಹೋಲಿಸಬೇಕು. ಆ ಕೆಲಸ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಹಾರ್ನಿನ ಚೆಂಡು ಒಣಗಿ ಬಿರುಕು ಬಿಟ್ಟಿದೆ; ಬಿರುಕಿಗೆ ಟೇಪು ಸುತ್ತಿ ಅದರಿಂದಲೇ ಎಳೆಯುತ್ತೇನೆ.

ಫ್ಯಾನು ಬಂದ್ ಮಾಡಿ, ಚಪ್ಪಲಿ ಬಿಟ್ಟು, ಒಬ್ಬಳೇ ಆ ಮೇಜಿನ ಮುಂದೆ ನಿಲ್ಲುತ್ತೇನೆ. ದ್ರವ ಮೇಲಿನ ಗೆರೆ ದಾಟುತ್ತದೆ, ನನ್ನ ಹೆಬ್ಬೆರಳು ಒತ್ತುತ್ತದೆ. ಅದು ನಿಧಾನವಾಗಿ ಇಳಿದು ಕೆಳಗಿನ ಗೆರೆಗೆ ಬಂದಾಗ ಹೆಬ್ಬೆರಳಿನ ಜೊತೆಗೆ ನನ್ನ ಎಡಗಾಲೂ ಒತ್ತುತ್ತದೆ. ಕೆಳಗೆ ಬರೀ ನೆಲ. ಬಗ್ಗಿ ಆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇನೆ.